ಸಿಟಿಎಫ್‌ಇ ಅಂದರೆ ಆಪ್ಟಿಮೈಸೇಶನ್ ಅಲ್ಲ

‘ನಮ್ಮ ಕಂಪೈಲರ್ ಜಾಣ, ಲೆಕ್ಕವನ್ನೆಲ್ಲ ಮೊದಲೇ ಮಾಡಿಟ್ಟುಬಿಡುತ್ತೆ, ಅದೇ ಸಿಟಿಎಫ್‌ಇ.’ ಡಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಮಾತು ಬಂದಾಗಲೆಲ್ಲ ಯಾರಾದರೂ ಹೀಗೆ ಹೇಳಿಯೇ ಹೇಳುತ್ತಾರೆ. ಅಲ್ಲ ಸ್ವಾಮಿ, ಅದು ಕಾನ್‌ಸ್ಟೆಂಟ್ ಫೋಲ್ಡಿಂಗ್, ಅಂದರೆ ಗೊತ್ತಿರುವ ವ್ಯಾಲ್ಯೂಗಳ ಲೆಕ್ಕವನ್ನು ಮೊದಲೇ ಮುಗಿಸಿಡೋದು. ಅದು ಆಪ್ಟಿಮೈಸರ್‌ನ, ಅಂದರೆ ಕೋಡನ್ನು ಚುರುಕು ಮಾಡುವ ಕಂಪೈಲರ್ ಭಾಗದ ಮರ್ಜಿ. ಮಾಡಿದರೆ ಮಾಡಿತು, ಬಿಟ್ಟರೆ ಬಿಟ್ಟಿತು. ಸಿಟಿಎಫ್‌ಇ, ಅಂದರೆ ಕಂಪೈಲ್ ಟೈಮ್ ಫಂಕ್ಷನ್ ಎವ್ಯಾಲ್ಯುಯೇಶನ್, ಭಾಷೆಯ ನಿಯಮ. ವ್ಯಾಲ್ಯೂ ಈಗಲೇ ಬೇಕು ಅನ್ನುವ ಜಾಗದಲ್ಲಿ ಕಂಪೈಲರ್ ಫಂಕ್ಷನ್ನನ್ನು ಓಡಿಸಲೇಬೇಕು. ಆಗದಿದ್ದರೆ ಎರರ್.

ಫ್ಯಾಕ್ಟೋರಿಯಲ್ ಫಂಕ್ಷನ್ ಒಂದಿದೆ ಅಂದುಕೊಳ್ಳಿ. ಮೇನ್ ಒಳಗೆ ‘ಎನಮ್ ಎಕ್ಸ್’ ಅಂತ (ಡಿಯಲ್ಲಿ ಎನಮ್‌ನ ವ್ಯಾಲ್ಯೂ ಕಂಪೈಲ್ ಆಗುವಾಗಲೇ ಬೇಕು) ಬರೆದು ಆ ಫಂಕ್ಷನ್ನಿಗೆ 10 ಕೊಟ್ಟು ಕರೆದರೆ, 3628800 ಕಂಪೈಲ್ ಆಗುವಾಗಲೇ ಸಿದ್ಧ. ಎನಮ್ ತೆಗೆದು ಸಾಮಾನ್ಯ ವೇರಿಯಬಲ್ಲಿನ ಆಟೊ ಹಾಕಿ, ಅದೇ ಫಂಕ್ಷನ್ ಪ್ರೋಗ್ರಾಂ ಓಡುವಾಗಿನ ಸಾಮಾನ್ಯ ಕರೆಯಾಗುತ್ತದೆ. ಫಂಕ್ಷನ್ನಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಹಾಗಾಗಿ ‘ಇದು ಸಿಟಿಎಫ್‌ಇ ಫಂಕ್ಷನ್ನಾ?’ ಅನ್ನುವ ಪ್ರಶ್ನೆಯೇ ತಪ್ಪು. ಕರೆದ ಜಾಗ ಯಾವುದು ಅಂತ ಕೇಳಿ. ಸಿ++ ಕಡೆಯವರೂ ಇಲ್ಲೇ ಎಡವುತ್ತಾರೆ. ಅಲ್ಲಿ ಕಾನ್‌ಸ್ಟ್‌ಎಕ್ಸ್‌ಪ್ರ್ ಫಂಕ್ಷನ್ ಅಂದರೆ ಬರೀ ಅನುಮತಿ. ಕಡ್ಡಾಯ ಮಾಡೋದು ಸಿ++20ರಲ್ಲಿ ಬಂದ ಕಾನ್‌ಸ್ಟ್‌ಇವ್ಯಾಲ್.

ಕಡ್ಡಾಯವಾದ್ದರಿಂದಲೇ ಕಂಪೈಲರ್ ಒಳಗೆ ಒಂದು ಇಂಟರ್‌ಪ್ರಿಟರ್, ಅಂದರೆ ಕೋಡನ್ನು ಅಲ್ಲೇ ಓಡಿಸುವ ಎಂಜಿನ್ ಬೇಕು. ಡಿ ಭಾಷೆಯ ಕಂಪೈಲರ್ ಡಿಎಂಡಿಯ ಹಳೇ ಎಂಜಿನ್ ಸಿಂಟ್ಯಾಕ್ಸ್ ಟ್ರೀ, ಅಂದರೆ ಕೋಡಿನ ರಚನೆಯನ್ನು ತೋರಿಸುವ ಮರದ ಮೇಲೆಯೇ ನಡೆಯುತ್ತದೆ. ಅದಕ್ಕೆ ಲೆಕ್ಕದ ವ್ಯಾಲ್ಯೂಗಳೂ ಟ್ರೀಯ ನೋಡ್‌ಗಳೇ. ದೊಡ್ಡ ಲೂಪ್ ಓಡಿದರೆ ನೋಡ್‌ಗಳ ರಾಶಿ ಬೀಳುತ್ತದೆ, ಡಿಎಂಡಿ ಮಾಮೂಲಿಯಾಗಿ ಮೆಮೊರಿ ವಾಪಸ್ ಕೊಡೋದೂ ಇಲ್ಲ. 2016ರಲ್ಲಿ ಶುರುವಾದ ಹೊಸ ಎಂಜಿನ್ ನ್ಯೂಸಿಟಿಎಫ್‌ಇ ಇದಕ್ಕೇ ಹುಟ್ಟಿದ್ದು. ಫಂಕ್ಷನ್ನನ್ನು ಮೊದಲು ಬೈಟ್‌ಕೋಡ್, ಅಂದರೆ ಸರಳ ಚಿಕ್ಕ ಆದೇಶಗಳ ಸಾಲು ಮಾಡಿ, ಆಮೇಲೆ ಓಡಿಸೋದು.

‘ಹೊಸ ಎಂಜಿನ್ ಕೆಲಸ ಮಾಡ್ತಿದೆ’ ಅನ್ನೋ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಇಂಟ್ ಮತ್ತು ಲೂಪ್ ಬೇಗ ಆಗುತ್ತವೆ. ಕಷ್ಟ ಇರೋದು ಸ್ಲೈಸ್, ಸ್ಟ್ರಕ್ಟ್, ಪಾಯಿಂಟರ್, ಎಕ್ಸೆಪ್ಶನ್‌ಗಳಲ್ಲಿ. ಎರಡು ಸ್ಲೈಸ್ (ಅರೇಯ ಒಂದು ಭಾಗವನ್ನು ತೋರಿಸುವ ಕಿಟಕಿ) ಒಂದೇ ಅರೇಯನ್ನು ತೋರಿಸುತ್ತಿದ್ದರೆ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಣಬೇಕು. ಉತ್ತರವನ್ನು ಮತ್ತೆ ಟ್ರೀ ನೋಡ್ ಮಾಡಿ ಕಂಪೈಲರ್ ಕೈಗೆ ಕೊಡಬೇಕು. ಗೊತ್ತಿಲ್ಲದ್ದು ಎದುರಾದರೆ ಹೊಸ ಎಂಜಿನ್ ಕೈಚೆಲ್ಲಿ, ಹಳೇದಕ್ಕೆ ಕೆಲಸ ದಾಟಿಸುತ್ತದೆ. ಇದಕ್ಕೆ ಬೇಲ್‌ಔಟ್ ಅನ್ನುತ್ತಾರೆ. ಟೆಸ್ಟೆಲ್ಲ ಪಾಸಾಯಿತು ಅಂದಾಗ ಅದರಲ್ಲಿ ಎಷ್ಟು ಹಳೇ ಎಂಜಿನ್ನಿನ ದುಡಿಮೆ ಅಂತ ಕೇಳಲೇಬೇಕು, ಅಲ್ವಾ? ಇನ್ನೊಂದು ಭಾಷೆ ರಸ್ಟ್‌ನವರು 2018ರಲ್ಲಿ ಇದೇ ಕೆಲಸಕ್ಕೆ ಮಿರಿ ಅನ್ನುವ ಎಂಜಿನ್ ತಂದಾಗ ಹಳೆಯದನ್ನೇ ತೆಗೆದುಹಾಕಿದರು.