ಕಿಬ್ಬರ್ ಊರಿನ ಗೊಬ್ಬರದ ಲೆಕ್ಕ

ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ಕಿಬ್ಬರ್ ಅಂತ ಒಂದು ಬೌದ್ಧರ ಊರಿದೆ. ಸಮುದ್ರಮಟ್ಟದಿಂದ ಸುಮಾರು 4,200 ಮೀಟರ್ ಮೇಲೆ, ಅಂದ್ರೆ ನಮ್ಮ ಮುಳ್ಳಯ್ಯನಗಿರಿ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ರೂ ಅಲ್ಲಿಗೆ ಮುಟ್ಟಲ್ಲ. ಹೋದವರೆಲ್ಲ ಗೊಂಪಾ (ಬೌದ್ಧ ಮಠ), ನೀಲಿ ಆಕಾಶ, ಹಿಮಚಿರತೆ ಫೋಟೋ ತರ್ತಾರೆ, ನನಗೆ ಆ ಊರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು ಅಲ್ಲಿನ ಕಕ್ಕಸು.

ಯಾಕೆ ಅಂದ್ರೆ ಅಲ್ಲಿ ಕಾಡು ಅನ್ನೋದೇ ಇಲ್ಲ. ಮಳೆಮೋಡಗಳನ್ನ ಹಿಮಾಲಯದ ಸಾಲು ದಕ್ಷಿಣಕ್ಕೇ ತಡೆದುಬಿಡುತ್ತೆ, ಚಳಿಗಾಲದಲ್ಲಿ ಸೊನ್ನೆಗಿಂತ 25-30 ಡಿಗ್ರಿ ಕೆಳಗೆ ಇಳಿಯುತ್ತೆ, ಒಲೆಗೆ ಸೌದೆ ಎಲ್ಲಿಂದ ತರೋದು, ಹಾಗಾಗಿ ತಲೆಮಾರುಗಳಿಂದ ಯಾಕ್ (ಚಮರೀಮೃಗ) ಸಗಣಿ ಒಣಗಿಸಿ ಉರಿಸ್ತಾ ಬಂದಿದ್ದಾರೆ. ನಮ್ಮಲ್ಲೂ ಬೆರಣಿ ತಟ್ತೀವಿ ನಿಜ, ಆದ್ರೆ ಸಗಣಿಯ ದೊಡ್ಡ ಪಾಲು ತಿಪ್ಪೆಗೆ ಹೋಗಿ ಅಲ್ಲಿಂದ ಹೊಲಕ್ಕೆ ಹೋಗುತ್ತೆ. ಸಗಣಿ ಉರಿದ್ರೆ ಪೊಟ್ಯಾಶು, ರಂಜಕ ಬೂದಿಯಲ್ಲಿ ಉಳಿಯುತ್ತೆ, ಸಾರಜನಕ ಮಾತ್ರ ಹೆಚ್ಚುಕಮ್ಮಿ ಪೂರ್ತಿ ಹೊಗೆ ಜೊತೆ ಹೋಗಿಬಿಡುತ್ತೆ. ಅದಿಲ್ದೆ ಬಾರ್ಲಿ ಬೆಳೆಯಲ್ಲ. ಒಲೆ ಕಸ್ಕೊಂಡಿದ್ದನ್ನ ಹೊಲಕ್ಕೆ ತುಂಬಿಕೊಡೋದು ಮನುಷ್ಯರ ಗೊಬ್ಬರ.

ಕಕ್ಕಸು ಎರಡು ಅಂತಸ್ತು. ಮೇಲೆ ಸಣ್ಣ ಕೋಣೆ, ನೆಲದಲ್ಲಿ ಒಂದು ತೂತು, ಮೂಲೆಯಲ್ಲಿ ಒಣಮಣ್ಣಿನ ಗುಡ್ಡೆ, ಅದರಲ್ಲಿ ಚುಚ್ಚಿಟ್ಟ ಸಲಿಕೆ. ಕೂತು ಎದ್ದಮೇಲೆ ಎರಡು ಸಲಿಕೆ ಮಣ್ಣು ಕೆಳಗೆ ಎಳೆದುಬಿಡೋದು, ಅಷ್ಟೇ, ನೀರಿನ ಮಾತೇ ಇಲ್ಲ. ಆ ಮಣ್ಣಿನ ಜೊತೆ ಒಲೆಯ ಬೂದಿ, ಕುರಿ-ಕತ್ತೆ ಹಿಕ್ಕೆ, ಹುಲ್ಲುಪುಡಿನೂ ಸೇರುತ್ತೆ. ಮಣ್ಣು ತೇವ ಹೀರ್ಕೊಳುತ್ತೆ, ವಾಸನೆ ಬರೋದು ಮುಖ್ಯವಾಗಿ ತೇವ ಇದ್ದು ಗಾಳಿ ಆಡದೆ ಕೊಳೆತಾಗ, ಇಲ್ಲಿ ಎರಡೂ ತಪ್ಪುತ್ತೆ. ಬೂದಿ ಕ್ಷಾರ, ಅದರಲ್ಲಿ ಎಷ್ಟೋ ರೋಗಾಣು ಬದುಕಲ್ಲ. ಹುಲ್ಲು, ಹಿಕ್ಕೆಯ ಇಂಗಾಲ ಇದ್ರೆ ಸೂಕ್ಷ್ಮಜೀವಿಗಳು ಸಾರಜನಕವನ್ನ ತಮ್ಮ ಮೈಯಲ್ಲೇ ಹಿಡಿದಿಟ್ಕೊಳ್ತವೆ, ಇಲ್ದಿದ್ರೆ ಅದು ಅಮೋನಿಯಾ ಆಗಿ ಗಾಳಿಗೆ ಹೋಗ್ತಿತ್ತು. ಇಷ್ಟೆಲ್ಲ ಹೇಳಿದ್ರೂ ಒಂದು ಮಾತು ಸೇರಿಸ್ಬೇಕು, ಚಳಿಗೆ ಈ ಕೆಲಸ ತುಂಬ ನಿಧಾನ, ಜಂತುಹುಳದ ಮೊಟ್ಟೆಗಳಂತೂ ಬಹಳ ಗಟ್ಟಿ, ಹಾಗಾಗಿ ತಿಂಗಳುಗಟ್ಟಲೆ ಕಾಯದೆ ತೆಗೆದ್ರೆ ಅದು ಗೊಬ್ಬರ ಅಲ್ಲ, ಬರೀ ಹೊಲಸು.

ಹೀಗೆ ಬೆಳೆದ ಬಾರ್ಲಿನ ಹುರಿದು ಬೀಸಿದ್ರೆ ತ್ಸಂಪಾ. ನಮ್ಮ ಹುರಿಹಿಟ್ಟೇ ಅದು, ರಾಗಿ ಬದಲು ಬಾರ್ಲಿ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರಷ್ಟೇ ಇರೋದ್ರಿಂದ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತೆ, ಬೇಳೆ ಇಟ್ರೆ ಎಷ್ಟು ಹೊತ್ತಾದ್ರೂ ಗಟ್ಟಿ ಗಟ್ಟಿ, ಕುಕ್ಕರ್ ಇಲ್ದೆ ಆಗಲ್ಲ. ಹಿಟ್ಟು ಮಾತ್ರ ಆಗ್ಲೇ ಹುರಿದು ಬೆಂದಿರುತ್ತೆ, ಬೆಣ್ಣೆ-ಉಪ್ಪಿನ ಚಹಾಕ್ಕೆ ಕಲಸ್ಕೊಂಡು ತಿಂದ್ರೆ ಊಟ ಮುಗೀತು, ಸಗಣಿನೂ ಉಳೀತು.

ಹೊಲ ಕಮ್ಮಿ, ಅದಕ್ಕೆ ಬಿಡೋ ಹಿಮದ ನೀರಿನ ಕಾಲುವೆ, ಅವರು ಕೂಲ್ ಅಂತಾರೆ, ಅದರ ನೀರು ಇನ್ನೂ ಕಮ್ಮಿ. ಹಳೇ ಪದ್ಧತಿಲಿ ಹೊಲ ಪಾಲಾಗ್ತಾನೇ ಇರ್ಲಿಲ್ಲ, ಪೂರ್ತಿ ಹಿರಿಮಗನಿಗೆ, ಕಿರಿಯ ಗಂಡುಮಕ್ಕಳು ಕೀ ಗೊಂಪಾದಂಥ ಮಠ ಸೇರಿ ಲಾಮಾ ಆಗ್ತಿದ್ರು. ಭಕ್ತಿ ಇತ್ತು, ಅದರ ಜೊತೆಗೇ ಹೊಲ ತುಂಡಾಗದ ಹಾಗೆ ನೋಡ್ಕೊಳ್ಳೋ ಲೆಕ್ಕನೂ ಇತ್ತು ಅಂತ ನನಗನ್ಸುತ್ತೆ.

ಇಂಥ ಊರಲ್ಲಿ ಹಿಮಚಿರತೆ ಒಂದು ಯಾಕ್ ಹೊಡೆದ್ರೆ ಹೋಗೋದು ಬರೀ ಒಂದು ಪ್ರಾಣಿ ಅಲ್ಲ, ಉಳೋ ಎತ್ತು, ಚಳಿಗಾಲದ ಸೌದೆ ಎರಡೂ ಒಟ್ಟಿಗೇ ಹೋಗುತ್ತೆ. ವನ್ಯಜೀವಿ ವಿಜ್ಞಾನಿ ಚಾರುದತ್ತ ಮಿಶ್ರಾ ಕಿಬ್ಬರ್ ಸುತ್ತ ಮೂರು ಊರಿನ 80 ಮನೆಗಳಲ್ಲಿ ವಿಚಾರಿಸಿ 1997ರಲ್ಲಿ ಬರೆದ ಪ್ರಕಾರ 18 ತಿಂಗಳಲ್ಲಿ 189 ಸಾಕುಪ್ರಾಣಿಗಳನ್ನ ಹಿಮಚಿರತೆ, ತೋಳ ತಿಂದಿದ್ವು ಅಂತ ಜನ ಹೇಳಿದ್ರು, ಸರ್ಕಾರದ ಪರಿಹಾರ ಆ ನಷ್ಟದ ಶೇಕಡಾ 3 ಅಷ್ಟೇ. ಆಮೇಲೆ ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಜೊತೆ ಊರವರೇ ಕೂತು ಮಾತಾಡಿ ಒಂದಷ್ಟು ಗೋಮಾಳವನ್ನ ಹಿಮಚಿರತೆ ಬೇಟೆಯಾಡೋ ಕಾಡುಕುರಿ ಭರಲ್‌ಗೆ ಬಿಟ್ಟುಕೊಟ್ರು, ಜಾನುವಾರಿಗೆ ತಾವೇ ಕಂತು ಕಟ್ಟೋ ವಿಮೆನೂ ಶುರು ಮಾಡಿದ್ರು. ಮೈಸೂರಿಂದ ಅಷ್ಟು ದೂರ ಹೋಗಿ ವರ್ಷಗಟ್ಟಲೆ ಊರವರ ಜೊತೆ ಮಾಡಿದ ಕೆಲಸ ಇದು, ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಈಗ ಬೇಜಾರಾಗೋ ವಿಷಯ ಅಂದ್ರೆ ಟೂರಿಸ್ಟ್‌ಗಳಿಗೋಸ್ಕರ ಸ್ಪಿತಿಯಲ್ಲಿ ಫ್ಲಶ್ ಟಾಯ್ಲೆಟ್ ಬರ್ತಿದೆ. ಒಂದೊಂದು ಫ್ಲಶ್‌ಗೆ ಏಳೆಂಟು ಲೀಟರ್ ನೀರು, ಚಳಿಗಾಲದಲ್ಲಿ ಪೈಪೇ ಹೆಪ್ಪುಗಟ್ಟಿ ಒಡೆಯುತ್ತೆ, ಹೊಲಕ್ಕೆ ಸೇರಬೇಕಾದ ಸಾರಜನಕ ಇಂಗುಗುಂಡಿ ಸೇರುತ್ತೆ. ಅದೇ ಹೊತ್ತಿಗೆ ಹೊಲದಲ್ಲಿ ಹಸಿ ಬಟಾಣಿ ಜಾಸ್ತಿಯಾಗಿದೆ, ಕೆಳಗೆ ಬಯಲುಸೀಮೆಯ ಬಟಾಣಿ ಮುಗಿದ ಮೇಲೆ ಇದು ಕೊಯ್ಲಿಗೆ ಬರೋದ್ರಿಂದ ಒಳ್ಳೆ ರೇಟು. ಬಟಾಣಿ ತನ್ನ ಸಾರಜನಕದಲ್ಲಿ ಒಂದಷ್ಟನ್ನ ಬೇರಿನ ಗಂಟಿನಲ್ಲಿ ತಾನೇ ಮಾಡ್ಕೊಳುತ್ತೆ, ಆದ್ರೆ ನೀರು ಕೇಳುತ್ತೆ, ಮತ್ತೆ ಅದೇ ಕೂಲ್ ಹತ್ರ ಬಂದು ನಿಲ್ತೀವಿ.

ಚಳಿಗಾಲ ಕಳೆದು ಹಿಮ ಕರಗಿದ ಮೇಲೆ ಕಕ್ಕಸಿನ ಕೆಳಗಿನ ಬಾಗಿಲು ತೆಗೀತಾರೆ. ಒಳಗಿರೋದು ಕಪ್ಪಗೆ ಪುಡಿಪುಡಿಯಾಗಿ ಹಳೇ ತಿಪ್ಪೆಯ ತಳದ ಮಣ್ಣಿನ ಹಾಗೆ. ಅದನ್ನ ಮೂಟೆಗೆ ತುಂಬಿ ಕತ್ತೆ ಬೆನ್ನಿಗೆ ಏರಿಸಿ ಹೊಲದಲ್ಲಿ ಸಣ್ಣ ಸಣ್ಣ ಗುಡ್ಡೆ ಹಾಕ್ತಾರೆ, ಸಲಿಕೆಯಲ್ಲಿ ಹರಡ್ತಾರೆ, ಆಮೇಲೆ ಒಳ್ಳೆ ದಿನ ನೋಡಿ ಯಾಕ್ ಕಟ್ಟಿ ಉಳ್ತಾರೆ.