42 ಸಾವಿರ ಯಾರ ಚೀಲಕ್ಕೆ?

ಬ್ಯಾಡಗಿ ಪೇಟೆಯಲ್ಲಿ ದಲಾಲಿ ಅಂಗಡಿ ನನ್ನದು. ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್. ಹಿಂದಿನ ರಾತ್ರಿ ನನ್ನ ಫೋನಿಗೆ ನಿದ್ದೆಯಿಲ್ಲ. ಯೂಟ್ಯೂಬ್ ವಿಡಿಯೋ ಬರುತ್ತದೆ, ಪೇಪರಿನ ತುಣುಕಿನ ಫೋಟೊ ಬರುತ್ತದೆ, ಬೆನ್ನಿಗೇ ಪ್ರಶ್ನೆ: 'ಸಾವ್ಕಾರ್ರ, ಈ ಸುದ್ದಿ ಖರೇನೋ ಸುಳ್ಳೋ?'

ಬಹಳ ಸಲ 'ಖರೇನ ಐತಿ' ಅಂತಲೇ ಹೇಳಬೇಕಾಗುತ್ತದೆ. ತಾಪತ್ರಯ ಶುರುವಾಗುವುದೇ ಅಲ್ಲಿ.

ಹೋದ ಹಂಗಾಮಿನಲ್ಲಿ ನರಗುಂದದ ಕಡೆಯ ಹಿರಿಯರೊಬ್ಬರು 31 ಚೀಲ ಕಡ್ಡಿ ತಳಿಯ ಮೆಣಸಿನಕಾಯಿ ತಂದಿದ್ದರು. ಕ್ವಿಂಟಲಿಗೆ 26 ಸಾವಿರ ಬಿತ್ತು. ಕಾಕಾ ಮೊಬೈಲ್ ತೆಗೆದು ನನ್ನ ಮೂಗಿಗೇ ಹಿಡಿದರು. 'ಇಲ್ನೋಡ್ರಿ, 42 ಸಾವಿರ ಅಂತ ಪೇಪರ್‌ನ್ಯಾಗ ಬಂದೈತಿ. ನನ್ನ ಹುಚ್ಚನ್ನ ಮಾಡಾಕ ಹತ್ತೀರೇನು?'

'ಕಾಕಾ, ಆ 42 ಸಾವಿರದ ಮಾಲು ನಮ್ಮ ಅಂಗಡಿದ ಐತ್ರಿ' ಅಂದೆ.

ನಿಜ ಹಾಗೇ ಇತ್ತು. ಅದು ಆರೇ ಚೀಲದ ಲಾಟ್, ಅದೂ ಡಬ್ಬಿ ತಳಿಯದು. ಮನೆಮಂದಿಯೆಲ್ಲ ಕೂತು ಕೈಯಿಂದ ಆರಿಸಿದ ಕಾಯಿ. ಕಲೆಯಿಲ್ಲ, ಕಡುಗೆಂಪು ಬಣ್ಣ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ. ಕಾಕಾನ ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಹಿಡಿದು ಬಿಟ್ಟೆ. ಮುದ್ದೆ ಮುದ್ದೆಯಾಗಿಯೇ ಉಳಿಯಿತು. ಇನ್ನೆರಡು ಬಿಸಿಲು ಬೇಕಿತ್ತು ಅದಕ್ಕೆ. ಪೇಪರಿನವರು ಸುಳ್ಳು ಬರೆದಿರಲಿಲ್ಲ. ಆದರೆ ಆ ಸುದ್ದಿ ಕಾಕಾನ ಚೀಲದ ಸುದ್ದಿಯಾಗಿರಲಿಲ್ಲ.

ಇದನ್ನು ವರ್ಷಕ್ಕೆ ನೂರು ಸಲ ಹೇಳುತ್ತೇನೆ, ಇನ್ನೊಮ್ಮೆ ಹೇಳುತ್ತೇನೆ. ಪೇಟೆ ಧಾರಣೆಯಲ್ಲಿ ಅಂಕಿ ಮೂರು: ಕನಿಷ್ಠ, ಗರಿಷ್ಠ, ಮಾದರಿ. ಗರಿಷ್ಠ ಎಂದರೆ ಆ ದಿನ ಬಂದ ಸಾವಿರಾರು ಲಾಟ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಿಗೆ ಹೋದ ಒಂದು ಲಾಟ್. ಅದು ನಾಲ್ಕು ಚೀಲದ್ದಿದ್ದರೂ ಗರಿಷ್ಠವೇ. ಮಾದರಿ ಎಂದರೆ ಹೆಚ್ಚಿನ ಮಾಲು ಯಾವ ದರಕ್ಕೆ ಮಾರಾಟವಾಯಿತೋ ಅದು. ಕನಿಷ್ಠ 2 ಸಾವಿರ, ಗರಿಷ್ಠ 42 ಸಾವಿರ, ಕೂಡಿಸಿ ಅರ್ಧ ಮಾಡಿದರೆ 22 ಸಾವಿರ ಎಂದು ಲೆಕ್ಕ ಹಾಕುವ ಜಾಣರೂ ಇದ್ದಾರೆ. ಅದಲ್ಲ. ಒಂದು ಓಣಿಯಲ್ಲಿ ಇಪ್ಪತ್ತು ಹೆಂಚಿನ ಮನೆ, ಒಂದು ಬಂಗಲೆ ಇದ್ದರೆ ಮಾದರಿ ಹೆಂಚಿನ ಮನೆಯೇ. ಅದನ್ನೂ ತಳಿವಾರು ನೋಡಬೇಕು. ಕಡ್ಡಿ ತಂದು ಡಬ್ಬಿಯ ದರ ಕೇಳಿದರೆ ಯಾರು ಕೊಡುತ್ತಾರೆ? ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಮೂರೂ ಅಂಕಿ ಪುಕ್ಕಟೆ ಸಿಗುತ್ತವೆ. ಆದರೆ ಅಲ್ಲಿ ಕೆಂಪು ಬಾಣ ಇಲ್ಲ, ಹಿಂದೆ ಸಂಗೀತ ಇಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ನಮ್ಮಪ್ಪ ಅದರಲ್ಲಿ ಪೇಟೆ ಧಾರಣೆ ಕೇಳುವಾಗ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಓದುವವರು ಕನಿಷ್ಠವನ್ನೂ ಗರಿಷ್ಠವನ್ನೂ ಒಂದೇ ದನಿಯಲ್ಲಿ ಓದುತ್ತಿದ್ದರು. ಆ ನೀರಸ ದನಿಯ ಬೆಲೆ ನನಗೆ ಈಗ ತಿಳಿಯುತ್ತಿದೆ.

ಪೂರಾ ದಾರಿ ತಪ್ಪಿಸುವ ಸುದ್ದಿಯೂ ಇಲ್ಲದಿಲ್ಲ. 2024ರ ಮಾರ್ಚ್ 11ರಂದು ದರ ಕುಸಿದು, ಇಲ್ಲಿನ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರಲ್ಲ, ಆ ವಿಡಿಯೋ ಮುಂದಿನ ಹಂಗಾಮಿನಲ್ಲೂ 'ಇದೀಗ' ಅಂತ ಬಂತು. ರಾಯಚೂರು ಕಡೆಯವರೊಬ್ಬರು ಅರ್ಧ ದಾರಿಯಲ್ಲಿ ಲಾರಿ ನಿಲ್ಲಿಸಿ ಫೋನ್ ಮಾಡಿದರು: 'ಪ್ಯಾಟಿ ಬಂದ್ ಐತೇನ್ರಿ?' ನಾನು ಮಾತಾಡಲಿಲ್ಲ. ಅಂಗಡಿ ಮುಂದೆ ಹಮಾಲರು ಚೀಲ ಇಳಿಸುವ ಸದ್ದಿನ ಕಡೆ ಫೋನ್ ಹಿಡಿದೆ.

ಹಾಗಂತ ನನ್ನನ್ನೇ ನಂಬಿ ಅನ್ನುವುದಿಲ್ಲ. ನಾನೂ ದಲಾಲ, ಮಾಲು ಮಾರಾಟವಾದರೆ ನನ್ನ ಹೊಟ್ಟೆ ತುಂಬುವುದು. ಪಕ್ಕದ ಎರಡು ಅಂಗಡಿಯಲ್ಲಿ ನಿಮ್ಮಂಥದೇ ಮಾಲು ಎಷ್ಟಕ್ಕೆ ಹೋಯಿತು, ಕೇಳಿಕೊಂಡು ಬನ್ನಿ, ನನಗೇನೂ ಬೇಜಾರಿಲ್ಲ. ಮುಂದೆ ದರ ಏರುತ್ತದೋ ಇಳಿಯುತ್ತದೋ ಎಂದು ಮಾತ್ರ ಕೇಳಬೇಡಿ. ಅದು ಗೊತ್ತಿದ್ದರೆ ನಾನೇಕೆ ಈ ಘಾಟಿನಲ್ಲಿ ಸೀನುತ್ತ ಕೂರುತ್ತಿದ್ದೆ?

ಕಾಕಾ ಅವತ್ತು ಟೆಂಡರ್ ಒಪ್ಪಲಿಲ್ಲ. 31 ಚೀಲವನ್ನೂ ಮತ್ತೆ ಒಣಗಿಸಿ ಕೋಲ್ಡ್ ಸ್ಟೋರೇಜಿಗೆ ಹಾಕಿದರು. ಬಾಡಿಗೆ ಏರುತ್ತಲೇ ಇದೆ. ಮೊನ್ನೆ ಗುರುವಾರ ಸಂಜೆ ಫೋನ್ ಬಂತು.

'ಇವತ್ತ ಕಡ್ಡಿ ಮಾದರಿ ದರ ಎಷ್ಟ್ರಿ?'

ನನಗೆ ಖುಷಿಯಾಯಿತು. '24 ಸಾವಿರ, ಕಾಕಾ.'

ಆ ಕಡೆ ಸ್ವಲ್ಪ ಹೊತ್ತು ದನಿಯಿಲ್ಲ. ಆಮೇಲೆ ಮೆಲ್ಲಗೆ, 'ಡಬ್ಬಿ ಎಷ್ಟಕ್ಕ ಹೋತು?' ಅಂದರು.