ಅಲರ್ಜಿ ಎನ್ನುವ ಮುನ್ನ: ದತ್ತು ತಂದ ಹಿರಿಯ ನಾಯಿಯ ತುರಿಕೆ

ಎಂಟು-ಒಂಬತ್ತು ವರ್ಷದ ನಾಯಿಯನ್ನು ದತ್ತು ತಂದಾಗ ಅದರ ಪೂರ್ವಚರಿತ್ರೆ ಜೊತೆಗೆ ಬರುವುದಿಲ್ಲ. ತುರಿಕೆ ಯಾವ ವಯಸ್ಸಿಗೆ ಶುರುವಾಯಿತು, ಮಳೆಗಾಲದಲ್ಲಿ ಹೆಚ್ಚುತ್ತಿತ್ತೇ, ಏನು ತಿಂದು ಬೆಳೆಯಿತು, ಎಷ್ಟು ಸಲ ಸ್ಟೀರಾಯ್ಡ್ ಚುಚ್ಚಿದ್ದಾರೆ ಎಂದು ವೈದ್ಯರು ಕೇಳಿದರೆ ಎಲ್ಲಕ್ಕೂ ‘ಗೊತ್ತಿಲ್ಲ’ ಎಂದೇ ಹೇಳಬೇಕಾಗುತ್ತದೆ. ದೂಳು, ಪರಾಗ ಮುಂತಾದವುಗಳಿಂದ ಬರುವ ಅಲರ್ಜಿಗೆ ಅಟೋಪಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಬಹುಪಾಲು ನಾಯಿಗಳಲ್ಲಿ ಇದು ಆರು ತಿಂಗಳಿಂದ ಮೂರು ವರ್ಷದೊಳಗೆ ತಲೆಯೆತ್ತುತ್ತದೆ. ಏಳೆಂಟು ವರ್ಷ ಸುಮ್ಮನಿದ್ದು ಈಗ ಮೊದಲ ಬಾರಿ ಕೆರೆಯತೊಡಗಿದ ನಾಯಿಯಲ್ಲಿ ಬೇರೆ ಕಾರಣ ಹುಡುಕಬೇಕು. ನಿಮ್ಮ ನಾಯಿ ಯಾವ ಗುಂಪಿಗೆ ಸೇರಿದ್ದೆಂದು ಹೇಳುವವರಿಲ್ಲದಿರುವಾಗ ಪರಾವಲಂಬಿ (ಚಿಗಟ, ನುಸಿ), ಸೋಂಕು, ಆಹಾರ ಎಂಬ ಕ್ರಮದಲ್ಲಿ ಒಂದೊಂದನ್ನೇ ಪಕ್ಕಕ್ಕಿಡುತ್ತ ಹೋಗುವುದೊಂದೇ ದಾರಿ. ಅಟೋಪಿ ಎಂಬ ಹೆಸರು ಏನಿದ್ದರೂ ಕೊನೆಯಲ್ಲಿ.

ಕೆರೆಯುವ ಜಾಗವೇ ಅರ್ಧ ಸುಳಿವು ಕೊಡುತ್ತದೆ. ಬಾಲದ ಬುಡ, ಸೊಂಟದ ಮೇಲ್ಭಾಗ, ತೊಡೆಯ ಹಿಂಬದಿ ಎಂದರೆ ಮೊದಲ ಅನುಮಾನ ಚಿಗಟದ ಮೇಲೆ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಂಟು ಎಂದರೆ ಕಜ್ಜಿಯ ನುಸಿ. ಪಂಜ, ಮೂತಿ, ಕಂಕುಳು, ಹೊಟ್ಟೆಯಡಿ, ಕಿವಿಯ ಒಳಭಾಗ ಎಂದರೆ ಆಹಾರದ ಇಲ್ಲವೇ ವಾತಾವರಣದ ಅಲರ್ಜಿ. ಇವೆರಡನ್ನು ನೋಡಿ ಬೇರ್ಪಡಿಸಲು ಆಗುವುದಿಲ್ಲ. ಹಿರಿಯ ನಾಯಿ ಒಂದೇ ಮುಂಗಾಲಿನ ಮಣಿಕಟ್ಟನ್ನು ಬಿಡದೆ ನೆಕ್ಕುತ್ತಿದ್ದರೆ ಚರ್ಮವನ್ನಷ್ಟೇ ನೋಡಿ ಸುಮ್ಮನಾಗಬಾರದು. ಒಳಗಿನ ಕೀಲುನೋವೂ ಹಾಗೆ ನೆಕ್ಕಿಸುತ್ತದೆ.

ಚಿಗಟ ಕಣ್ಣಿಗೆ ಬೀಳಲಿಲ್ಲ ಎಂದರೆ ಚಿಗಟವಿಲ್ಲ ಎಂದು ಅರ್ಥವಲ್ಲ. ಅದರ ಎಂಜಲಿಗೆ ಅಲರ್ಜಿಯಿರುವ ನಾಯಿಗೆ ಕೆಲವೇ ಕಡಿತ ಸಾಕು. ಜೊತೆಗೆ ಅದು ಕಚ್ಚಿ, ನೆಕ್ಕಿ ಚಿಗಟಗಳನ್ನು ತಾನೇ ನುಂಗಿಬಿಟ್ಟಿರುತ್ತದೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ, ಬಂದ ಕರಿ ಕಾಳುಗಳನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿ. ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಜೀರ್ಣವಾದ ರಕ್ತವಿರುವ ಚಿಗಟದ ಹಿಕ್ಕೆ. ನಾಯಿಯ ಮೈಮೇಲಿರುವ ಚಿಗಟಗಳು ಒಟ್ಟು ಸಂಖ್ಯೆಯ ಸಣ್ಣ ಪಾಲಷ್ಟೇ. ಮೊಟ್ಟೆ, ಮರಿ, ಗೂಡು ಕಟ್ಟಿದ ಪ್ಯೂಪಾ ಎಲ್ಲ ಹಾಸಿಗೆ, ಗೋಣಿಚೀಲ, ಸೋಫಾದ ಸಂದಿಯಲ್ಲಿರುತ್ತವೆ. ಗೂಡಿನೊಳಗಿನ ಪ್ಯೂಪಾವನ್ನು ಕೀಟನಾಶಕ ಸರಿಯಾಗಿ ಮುಟ್ಟುವುದಿಲ್ಲ, ಅದು ತಿಂಗಳುಗಟ್ಟಲೆ ಕಾಯಬಲ್ಲದು. ‘ಔಷಧಿ ಹಾಕಿದೆವು, ಮತ್ತೆ ಬಂತು’ ಎಂಬ ದೂರಿನ ಹಿಂದಿರುವುದು ಹೆಚ್ಚಾಗಿ ಇದೇ. ಕನಿಷ್ಠ ಮೂರು ತಿಂಗಳು ಬಿಡದೆ, ಮನೆಯ ಎಲ್ಲ ನಾಯಿ-ಬೆಕ್ಕುಗಳಿಗೂ ಚಿಕಿತ್ಸೆ ನಡೆಯಬೇಕು. ಹಾಸುಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ನಾಯಿಗೆ ಹಾಕುವ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿಗೆ ಪ್ರಾಣಾಂತಿಕ ಎಂಬುದನ್ನು ಮರೆಯಬಾರದು.

ಕಜ್ಜಿಯ ನುಸಿಯಾದ ಸಾರ್ಕಾಪ್ಟಿಸ್ ಇನ್ನೂ ಕಳ್ಳ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಎಷ್ಟೋ ಸಲ ಸಿಗುವುದಿಲ್ಲ. ಕಿವಿಯ ಅಂಚನ್ನು ಬೆರಳುಗಳ ನಡುವೆ ಉಜ್ಜಿದಾಗ ಹಿಂಗಾಲು ತಾನಾಗಿ ಕೆರೆಯುವಂತೆ ಆಡಿದರೆ, ಅಥವಾ ಮನೆಯವರ ತೋಳು, ಹೊಟ್ಟೆಯ ಮೇಲೆ ತುರಿಸುವ ಗುಳ್ಳೆ ಎದ್ದರೆ, ವರದಿ ‘ಇಲ್ಲ’ ಎಂದರೂ ಚಿಕಿತ್ಸೆ ಮಾಡಿ ನೋಡುವುದೇ ಸರಿ. ಫ್ಲುರಲನರ್, ಅಫಾಕ್ಸೊಲನರ್, ಸರೊಲನರ್ ಗುಂಪಿನ ಮಾತ್ರೆಗಳು ಉಣ್ಣೆ, ಚಿಗಟ, ಕಜ್ಜಿಯ ನುಸಿ ಮೂರನ್ನೂ ಕೊಲ್ಲುತ್ತವೆ. ಮೊದಲನೆಯದು ಸುಮಾರು 12 ವಾರ, ಉಳಿದೆರಡು ಒಂದೊಂದು ತಿಂಗಳು ಕೆಲಸ ಮಾಡುತ್ತವೆ. ಅಪಸ್ಮಾರ ಬರುವ ನಾಯಿಗೆ ಇವು ಹೊಂದದಿರಬಹುದು. ದತ್ತು ನಾಯಿಯಲ್ಲಿ ಅದೂ ಗೊತ್ತಿರದ ಕಾರಣ ಮೊದಲ ಮಾತ್ರೆ ಕೊಟ್ಟ ದಿನ ಯಾರಾದರೂ ಮನೆಯಲ್ಲಿರಲಿ. ಅಂದಾಜಿನಲ್ಲಿ ಚುಚ್ಚುವ ಐವರ್ಮೆಕ್ಟಿನ್ ಎಂಬ ನುಸಿಯ ಔಷಧಿ, ಕಾಲಿ (ಕುರಿ ಕಾಯುವ ತಳಿ) ವಂಶದ ರಕ್ತವಿರುವ ನಾಯಿಗಳ ಮಿದುಳಿಗೆ ವಿಷವಾಗಬಹುದು. ಹಳೇ ಎಂಜಿನ್ ಆಯಿಲ್, ಸೀಮೆಎಣ್ಣೆ ಹಚ್ಚುವ ಪದ್ಧತಿಯನ್ನು ಇನ್ನಾದರೂ ಬಿಡಬೇಕು. ನಾಯಿ ಅದನ್ನು ನೆಕ್ಕುತ್ತದೆ, ಚರ್ಮವೂ ಹೀರುತ್ತದೆ, ಬೆಲೆ ತೆರುವುದು ಯಕೃತ್ತು ಮತ್ತು ಮೂತ್ರಪಿಂಡ.

ಎರಡನೆಯ ಹಂತ ಸೋಂಕು. ಕಾರಣ ಯಾವುದೇ ಇರಲಿ, ಕೆರೆದು ಗಾಯವಾದ ಚರ್ಮದಲ್ಲಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ, ಮಲಸೇಜಿಯಾ ಎಂಬ ಯೀಸ್ಟ್ ಮೇರೆ ಮೀರಿ ಬೆಳೆಯುತ್ತವೆ, ತಾವೇ ಬೇರೆ ತುರಿಕೆ ಹುಟ್ಟಿಸುತ್ತವೆ. ಹಳಸಲು ವಾಸನೆ, ಜಿಡ್ಡು, ಆನೆಯ ಚರ್ಮದಂತೆ ಕಪ್ಪಾಗಿ ದಪ್ಪಗಾದ ಕಂಕುಳು, ಬೆರಳ ಸಂದಿಯಲ್ಲಿ ಕಂದು ಬಣ್ಣ ಕಂಡರೆ ಯೀಸ್ಟ್ ಇರಬಹುದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮೈ ಒಣಗದೇ ಇರುವುದು ಅದಕ್ಕೆ ಹಬ್ಬ. ಪಾರದರ್ಶಕ ಟೇಪ್ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆ ಹತ್ತು-ಹದಿನೈದು ನಿಮಿಷದ ಕೆಲಸ. ಆಂಟಿಬಯಾಟಿಕ್ ಬರೆಸಿಕೊಳ್ಳುವ ಮೊದಲು ಇದನ್ನು ಕೇಳಿ ಮಾಡಿಸಬೇಕು. ಶೇ. 2 ಕ್ಲೋರ್‌ಹೆಕ್ಸಿಡಿನ್ ಮತ್ತು ಶೇ. 2 ಮೈಕೊನಜೋಲ್ ಇರುವ ಶಾಂಪೂವಿನಲ್ಲಿ ವಾರಕ್ಕೆ ಎರಡು ಸ್ನಾನ, ಮೂರು ವಾರ. ಇಲ್ಲಿ ಎಲ್ಲರೂ ಎಡವುವುದು ಸಮಯದಲ್ಲಿ: ನೊರೆ ಚರ್ಮಕ್ಕೆ ತಾಗಿ ಪೂರ್ತಿ ಹತ್ತು ನಿಮಿಷ ಇರಬೇಕು. ಗಡಿಯಾರ ನೋಡದವರು ಎರಡು ನಿಮಿಷಕ್ಕೇ ತೊಳೆದುಬಿಡುತ್ತಾರೆ. ನೀರು ಉಗುರುಬೆಚ್ಚಗಿರಲಿ, ಬಿಸಿನೀರು ತುರಿಕೆಯನ್ನು ಕೆರಳಿಸುತ್ತದೆ. ಬೆರಳ ಸಂದಿಯನ್ನೂ ಒಣ ಬಟ್ಟೆಯಲ್ಲಿ ಒರೆಸಬೇಕು. ನಮ್ಮ ಸೋಪು, ಡೆಟಾಲ್ ಬೇಡ. ನಾಯಿಯ ಚರ್ಮದ ಹೊರಪದರ ನಮ್ಮದಕ್ಕಿಂತ ತೆಳು.

ಮೂರನೆಯದು ಆಹಾರ. ಇದಕ್ಕೆ ನಂಬಬಹುದಾದ ರಕ್ತಪರೀಕ್ಷೆಯಿಲ್ಲ; ಕೂದಲು, ಎಂಜಲು ಕಳಿಸಿ ಮಾಡಿಸುವ ಪರೀಕ್ಷೆಗಳಿಗೆ ಕೊಡುವ ಹಣ ದಂಡ. ಆಹಾರ ಅಲರ್ಜಿಯಿದ್ದ 297 ನಾಯಿಗಳ ಮಾಹಿತಿ ಕಲೆಹಾಕಿದ 2016ರ ವಿಶ್ಲೇಷಣೆಯಲ್ಲಿ ದನದ ಮಾಂಸ ಶೇ. 34, ಹಾಲಿನ ಪದಾರ್ಥ ಶೇ. 17, ಕೋಳಿ ಶೇ. 15, ಗೋಧಿ ಶೇ. 13 ನಾಯಿಗಳಿಗೆ ಒಗ್ಗಿರಲಿಲ್ಲ. ಚಿಕನ್ ಅನ್ನ, ಮೊಸರನ್ನ, ಬಿಸ್ಕತ್ತಿನ ಮೇಲೆ ಬೆಳೆದ ನಮ್ಮ ನಾಯಿ ಈ ಪಟ್ಟಿಯ ಮೂರನ್ನು ದಿನವೂ ತಿಂದಿರುತ್ತದೆ. ಉತ್ತರ ಸಿಕ್ಕುವ ದಾರಿ ಒಂದೇ: ಎಂಟು ವಾರ ಹಿಂದೆಂದೂ ತಿನ್ನದ ಪ್ರೋಟೀನ್ ಮಾತ್ರ. ಆದರೆ ಹಿಂದೆ ಏನು ತಿಂದಿದೆ ಎಂದೇ ಗೊತ್ತಿಲ್ಲವಲ್ಲ! ಮೈಸೂರು ಕಡೆಯ ಮನೆಯಲ್ಲಿ ಬೆಳೆದ ನಾಯಿಗೆ ಮೀನು ಹೊಸದಿರಬಹುದು. ಮಂಗಳೂರಿನ ನಾಯಿ ಬಂಗುಡೆ, ಬೂತಾಯಿ ತಿಂದೇ ದೊಡ್ಡದಾಗಿರುತ್ತದೆ. ಹಾಗಾಗಿ ದತ್ತು ನಾಯಿಗೆ ದುಬಾರಿಯಾದರೂ ಹೈಡ್ರೊಲೈಸ್ಡ್ ಆಹಾರ ಮೇಲು. ಅದರಲ್ಲಿ ಪ್ರೋಟೀನನ್ನು ರೋಗನಿರೋಧಕ ವ್ಯವಸ್ಥೆ ಗುರುತು ಹಿಡಿಯದಷ್ಟು ಚಿಕ್ಕ ತುಂಡು ಮಾಡಿರುತ್ತಾರೆ. ಮೂತ್ರಪಿಂಡ, ಮೇದೋಜೀರಕ ಗ್ರಂಥಿ ನೆಟ್ಟಗಿವೆಯೇ ಎಂದು ಮೊದಲು ರಕ್ತ ಪರೀಕ್ಷಿಸಿಕೊಳ್ಳಿ.

ಆಹಾರ ಅಲರ್ಜಿಯಿರುವ ನಾಯಿಗಳಲ್ಲಿ ಶೇ. 80ಕ್ಕೂ ಹೆಚ್ಚು ಐದು ವಾರದಲ್ಲಿ, ಶೇ. 90ಕ್ಕೂ ಹೆಚ್ಚು ಎಂಟು ವಾರದಲ್ಲಿ ಸುಧಾರಿಸುತ್ತವೆ. ಮೂರನೇ ವಾರಕ್ಕೆ ‘ಪ್ರಯೋಜನ ಇಲ್ಲ’ ಎಂದು ನಿಲ್ಲಿಸುವುದು ಅವಸರ. ಪ್ರಯೋಗ ಕೆಡುವುದು ಬಟ್ಟಲಿನಿಂದಲ್ಲ, ಆಚೀಚೆಯಿಂದ: ಅಜ್ಜಿ ಕೊಟ್ಟ ತುಪ್ಪದ ತುತ್ತು, ಮಗು ಬೀಳಿಸಿದ ಚಪಾತಿ, ಮಾತ್ರೆ ನುಂಗಿಸಲು ಸುತ್ತಿದ ಬ್ರೆಡ್ಡು, ಮಾಂಸದ ರುಚಿ ಸೇರಿಸಿದ ಜಗಿಯುವ ಮಾತ್ರೆ. 12 ವಾರದ ಉಣ್ಣೆ ಮಾತ್ರೆಯನ್ನು ಪ್ರಯೋಗಕ್ಕೆ ಮೊದಲೇ ಕೊಟ್ಟರೆ ಕೊನೆಯದು ಒಂದು ತಪ್ಪುತ್ತದೆ. ಸುಧಾರಿಸಿದ ಮೇಲೆ ಹಳೆಯ ಆಹಾರವನ್ನು ಮತ್ತೆ ಎರಡು ವಾರ ಕೊಟ್ಟು ತುರಿಕೆ ಮರಳುತ್ತದೆಯೇ ನೋಡಬೇಕು. ಈ ಹೆಜ್ಜೆ ಯಾರಿಗೂ ಇಷ್ಟವಿಲ್ಲ, ಆದರೆ ಇದಿಲ್ಲದೆ ಉತ್ತರ ಪಕ್ಕಾ ಆಗುವುದಿಲ್ಲ. ಅಲ್ಲಿಯವರೆಗೆ ವಾರಕ್ಕೊಮ್ಮೆ ತುರಿಕೆಗೆ ಹತ್ತರಲ್ಲಿ ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡಕ್ಕಿಂತ ಕೆಳಗಿದ್ದರೆ ಆರೋಗ್ಯವಂತ ನಾಯಿಯ ಮಟ್ಟ.

ವಯಸ್ಸಿಗೆ ಅಂಟಿದ ಕಾರಣಗಳನ್ನೂ ಇದೇ ಹೊತ್ತಿಗೆ ನೋಡಬೇಕು. ವಿಪರೀತ ನೀರು ಕುಡಿದು ಮೂತ್ರ ಮಾಡುವ, ಹೊಟ್ಟೆ ಜೋತ, ಚರ್ಮ ತೆಳ್ಳಗಾದ ನಾಯಿಗೆ ದೇಹವೇ ಕಾರ್ಟಿಸೋಲ್ ಎಂಬ ಸ್ಟೀರಾಯ್ಡನ್ನು ಅತಿಯಾಗಿ ತಯಾರಿಸುವ ಕುಶಿಂಗ್ ರೋಗವಿರಬಹುದು; ಹಿಂದೆ ಪದೇ ಪದೇ ಚುಚ್ಚಿದ ಸ್ಟೀರಾಯ್ಡ್‌ನಿಂದಲೂ ಇದೇ ರೂಪ ಬರುತ್ತದೆ. ಥೈರಾಯ್ಡ್ ಕೊರತೆ ತಾನಾಗಿ ತುರಿಸುವುದಿಲ್ಲ, ಸೋಂಕನ್ನು ಕರೆತಂದು ತುರಿಸುತ್ತದೆ. ಸೋಂಕು, ಸ್ಟೀರಾಯ್ಡ್ ಇರುವಾಗ ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ಮಟ್ಟ ಸುಳ್ಳೇ ಇಳಿದು ಕಾಣುವುದರಿಂದ ಆ ಪರೀಕ್ಷೆ ಆಮೇಲೆ. ಮೂಗು, ತುಟಿಯ ಬಣ್ಣ ಮಾಸಿ, ಕೆಂಪಗಾಗಿ ಹೊಟ್ಟು ಏಳುತ್ತಿದ್ದರೆ ಚರ್ಮದ ಲಿಂಫೋಮಾ ಎಂಬ ಕ್ಯಾನ್ಸರ್ ಅಲ್ಲವೆಂದು ಬಯಾಪ್ಸಿಯಿಂದ ಖಚಿತಪಡಿಸಿಕೊಳ್ಳಬೇಕು.

ಇಷ್ಟೆಲ್ಲ ಕಳೆದು ಉಳಿದರೆ ಅಟೋಪಿ. ನಮ್ಮ ಮನೆಗಳಲ್ಲಿ ಸುಲಭವಾಗಿ ಸಿಗುವ, ಹಿಸ್ಟಮಿನ್ ತಡೆಯುವ ಅಲರ್ಜಿ ಮಾತ್ರೆ ಸೆಟ್ರಿಜಿನ್ ಇಲ್ಲಿ ನಿರಾಸೆ ಮಾಡುತ್ತದೆ. ನಾಯಿಯ ಅಲರ್ಜಿ ತುರಿಕೆಯಲ್ಲಿ ಹಿಸ್ಟಮಿನ್ ಪಾತ್ರ ಚಿಕ್ಕದು. ಇಂಟರ್‌ಲ್ಯೂಕಿನ್-31 ಎಂಬ ಸಂಕೇತ ಪ್ರೋಟೀನು ನೇರವಾಗಿ ನರಕ್ಕೆ ಅಂಟಿ, ಜೆಎಕೆ1 ಎಂಬ ಕಿಣ್ವದ ಮೂಲಕ ‘ಕೆರೆ’ ಎಂಬ ಸುದ್ದಿ ಮುಟ್ಟಿಸುತ್ತದೆ. ಓಕ್ಲಾಸಿಟಿನಿಬ್ ಮಾತ್ರೆ ತಡೆಯುವುದು ಆ ಕಿಣ್ವವನ್ನು. ಪ್ರತಿ ಕಿಲೋ ತೂಕಕ್ಕೆ 0.4ರಿಂದ 0.6 ಮಿಲಿಗ್ರಾಂ, 14 ದಿನದವರೆಗೆ ದಿನಕ್ಕೆರಡು ಸಲ, ಬಳಿಕ ಒಂದು ಸಲ. ಕೆಲವೇ ಗಂಟೆಗಳಲ್ಲಿ ತುರಿಕೆ ತಗ್ಗಿ ನಾಯಿ ನೆಮ್ಮದಿಯಾಗಿ ನಿದ್ದೆ ಹೋಗುತ್ತದೆ. ಗಡ್ಡೆ ಅಥವಾ ಗಂಭೀರ ಸೋಂಕಿದ್ದರೆ ಇದು ಬೇಡ. ಲೋಕಿವೆಟ್‌ಮ್ಯಾಬ್ ಚುಚ್ಚುಮದ್ದು ಆ ಪ್ರೋಟೀನನ್ನೇ ಹಿಡಿದಿಡುತ್ತದೆ, ನಾಲ್ಕರಿಂದ ಎಂಟು ವಾರ. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಫಲ ಕಾಣಲು ನಾಲ್ಕಾರು ವಾರ ಬೇಕು. ರಕ್ತದ ಅಥವಾ ಚರ್ಮದ ಅಲರ್ಜಿ ಪರೀಕ್ಷೆ ರೋಗ ಪತ್ತೆಗಲ್ಲ, ಆರೋಗ್ಯವಂತ ನಾಯಿಯಲ್ಲೂ ‘ಇದೆ’ ಎಂದು ಬರುತ್ತದೆ. ಅಲರ್ಜಿ ತರುವ ವಸ್ತುವನ್ನೇ ಸಣ್ಣ ಪ್ರಮಾಣದಲ್ಲಿ ವರ್ಷಗಟ್ಟಲೆ ಕೊಟ್ಟು ಮೈಗೆ ಒಗ್ಗಿಸುವ ಇಮ್ಯುನೊಥೆರಪಿಗೆ ಏನೇನು ಸೇರಿಸಬೇಕು ಎಂದು ಆರಿಸಲು ಮಾತ್ರ ಅದು ಉಪಯುಕ್ತ.

ಪ್ರೆಡ್ನಿಸಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಅಗ್ಗ, ಕೆಲಸವೂ ಖಚಿತ. ಕೆಲವು ದಿನಗಳ ಮಟ್ಟಿಗೆ ಅದಕ್ಕೆ ಹೆದರಬೇಕಿಲ್ಲ. ಆದರೆ ಹಿರಿಯ ನಾಯಿಯ ಕೀಲುನೋವಿಗೆ ಮೆಲೊಕ್ಸಿಕಾಮ್ ನಡೆಯುತ್ತಿದ್ದರೆ ಎರಡನ್ನೂ ಒಟ್ಟಿಗೆ ಕೊಡಲೇಬಾರದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ಕೀಲುನೋವಿನ ಮಾತ್ರೆ ಒಬ್ಬ ವೈದ್ಯರದು, ಚರ್ಮದ ಮಾತ್ರೆ ಇನ್ನೊಬ್ಬರದು ಆದಾಗ ಈ ಅನಾಹುತ ಸುಲಭ. ಕೊಡುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಇಬ್ಬರಿಗೂ ತೋರಿಸಬೇಕು. ಸೆಟ್ರಿಜಿನ್ ಎಂದುಕೊಂಡು ಮನೆಯಲ್ಲಿರುವ ನೆಗಡಿ ಮಾತ್ರೆ ಕೊಟ್ಟು, ಅದರಲ್ಲಿ ಸ್ಯೂಡೊಎಫೆಡ್ರಿನ್ ಸೇರಿದ್ದರೆ ನಾಯಿಯ ಹೃದಯ ಹದ ತಪ್ಪುತ್ತದೆ. ಚೆನ್ನಾಗಿದ್ದ ನಾಯಿ ಮತ್ತೆ ಕೆರೆಯತೊಡಗಿದರೆ ಮಾತ್ರೆ ಏರಿಸುವ ಮೊದಲು ಚಿಗಟದ ಬಾಚಣಿಗೆ ತೆಗೆಯಿರಿ, ಟೇಪ್ ಪರೀಕ್ಷೆ ಮಾಡಿಸಿ, ಕಳೆದ ವಾರ ಹೊಸದಾಗಿ ಏನು ತಿಂದಿತು ಎಂದು ಮನೆಯವರನ್ನು ಕೇಳಿ.